ಮೇಲಿನಜ್ಜಿಗೆ ಹತ್ತೊಂಬತ್ತು ಸಾಲು

ಕೆಳಗಿನ ಮನೆ,
ಹದಿನಾಲ್ಕನೇ ತಾರೀಖು, ಗುರುವಾರ, ಮಧ್ಯಾಹ್ನ

ಪ್ರೀತಿಯ ಚಿನಕುರಳಿ,

ಕೆಳಗಿನಜ್ಜಿಯ ಮನಸಾರೆ ಆಶೀರ್ವಾದಗಳು. ಹೇಗಿದ್ದೀಯ ಮಗು? ಕೆಮ್ಮು ಹೋಯಿತೇ? ಹೋದ ದೋಣಿಯಲ್ಲಿ ಬಂದ ಕಾಗದದಲ್ಲಿ ‘ಸ್ವಲ್ಪ ಕೆಮ್ಮು, ಗಾಬರಿ ಬೇಡ’ ಎಂದು ಬರೆದಿದ್ದೆ. ನಿನ್ನ ಸ್ವಲ್ಪದ ಅಳತೆ ನನಗೆ ಗೊತ್ತಿಲ್ಲವೇ? ಆರನೇ ಕ್ಲಾಸಿನಲ್ಲಿ ಕೈ ಮುರಿದುಕೊಂಡು ಬಂದಾಗಲೂ ಸ್ವಲ್ಪ ನೋವು ಎಂದೇ ಹೇಳಿದವಳು ನೀನು. ಒಂದು ಮರವೂ ಇಲ್ಲದ ಆ ನಡುಗಡ್ಡೆಯ ಹವಾಮಾನ ಕೇಂದ್ರದಲ್ಲಿ ಇರುವವರೇ ನಾಲ್ಕು ಜನ. ಅಲ್ಲಿ ಕೆಮ್ಮಿದರೆ ಬೆನ್ನು ತಟ್ಟುವವರು ಯಾರು ಹೇಳು. ನಾನು ಹೆಣೆದುಕೊಟ್ಟ ಬೂದು ಮಫ್ಲರನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಬೇಡ, ಕುತ್ತಿಗೆಗೆ ಸುತ್ತಿಕೋ. ತಾತನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ದಿನದಿನಕ್ಕೂ ಚುರುಕಾಗುತ್ತಿದೆ. ನಿನ್ನ ಅಪ್ಪ ಅಮ್ಮ ಭಾನುವಾರ ಫೋನ್ ಮಾಡಿದ್ದರು, ಆ ಊರಿನ ಹೊಸ ಮನೆಗೆ ಹೊಂದಿಕೊಂಡಿದ್ದಾರಂತೆ. ನಾನು ಚೆನ್ನಾಗಿದ್ದೇನೆ. ರಕ್ತದೊತ್ತಡ ಮಾತ್ರ ಮಂಗಳವಾರ ಸಂಜೆಯಿಂದ ಏರಿ ಕೂತಿದೆ. ಅದಕ್ಕೆ ಕಾರಣ ನೀನು. ಕೂತುಕೊಂಡು ಓದು, ಇದು ಸ್ವಲ್ಪ ಉದ್ದದ ಕಾಗದ.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೆ ನಿನ್ನ ಮೇಲಿನಜ್ಜಿಯನ್ನು ಕಂಡರೆ ಹೊಟ್ಟೆಕಿಚ್ಚು. ನಿನ್ನೆ ಮೊನ್ನೆಯದಲ್ಲ, ಇಪ್ಪತ್ತೈದು ವರ್ಷದ್ದು. ನಿನಗಾಗ ಎರಡು ವರ್ಷ. ನಿನ್ನ ಅಪ್ಪ ಅಮ್ಮ ಇಬ್ಬರೂ ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವವರು, ನನಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಾಳಿ. ಮಗುವನ್ನು ಯಾರು ನೋಡಿಕೊಳ್ಳುವುದು ಎಂಬ ಮಾತು ಬಂದದ್ದೇ ತಡ, ನಿನ್ನ ಅಮ್ಮನ ಅಮ್ಮ, ಅಂದರೆ ನನ್ನ ಬೀಗಿತ್ತಿ, ತಮ್ಮ ಹೊಲಿಗೆ ಮಷೀನಿನ ಸಮೇತ ಬಂದು ನಮ್ಮದೇ ಕಟ್ಟಡದ ಮೂರನೇ ಮಹಡಿಯಲ್ಲಿ ಮನೆ ಹಿಡಿದರು. ನಾನು ಕೆಳಗಿನಜ್ಜಿ, ಅವರು ಮೇಲಿನಜ್ಜಿ ಎಂದು ಹೆಸರಿಟ್ಟವಳು ನೀನೇ. ಮಕ್ಕಳ ಬಾಯಲ್ಲಿ ಬಂದ ಮಾತು, ಅದರಲ್ಲೇನಿದೆ ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮೇಲೆ ಕೆಳಗೆ ಎಂದ ಮೇಲೆ ಯಾರು ಮೇಲು ಯಾರು ಕೀಳು ಎಂದು ಬಿಡಿಸಿ ಹೇಳಬೇಕೇ? ನಾನು ಪಾಳಿ ಮುಗಿಸಿ ಬಸ್ಸು ಹಿಡಿದು ಏದುಸಿರು ಬಿಡುತ್ತ ಬರುವಷ್ಟರಲ್ಲಿ ನೀನು ಮೂರನೇ ಮಹಡಿಯಲ್ಲಿ ಅವರ ತೊಡೆಯ ಮೇಲೆ ಮಲಗಿರುತ್ತಿದ್ದೆ. ಎಬ್ಬಿಸಬೇಡಿ, ಈಗ ತಾನೇ ನಿದ್ದೆ ಹತ್ತಿದೆ ಎನ್ನುವರು. ನನ್ನ ಮೊಮ್ಮಗಳನ್ನು ನಾನು ಎತ್ತಿಕೊಳ್ಳಲು ಅವರ ಅಪ್ಪಣೆ! ಆಗ ಹತ್ತಿದ ಕಿಚ್ಚು ಇನ್ನೂ ಆರಿಲ್ಲ.

ಮಂಗಳವಾರ ಸಂಜೆ ನಾನು ತರಕಾರಿ ಚೀಲ ಹಿಡಿದು ಬರುತ್ತಿದ್ದೆ, ಅವರು ಮೆಟ್ಟಿಲಿಳಿದು ಬರುತ್ತಿದ್ದರು. ಈ ಒಂದು ವರ್ಷದಿಂದ ಅವರು ಮೆಟ್ಟಿಲಿಳಿಯುವ ಠೀವಿಯನ್ನು ನೀನು ನೋಡಬೇಕು. ಕಂಬಿಯ ಮೇಲೆ ಕೈ, ತಲೆ ನೆಟ್ಟಗೆ, ಒಂದೊಂದೇ ಹೆಜ್ಜೆ, ಕೆಳಗೆ ಯಾರೋ ಹಾರ ಹಿಡಿದು ಕಾಯುತ್ತಿರುವ ಹಾಗೆ. ಹೊಲಿಗೆಯನ್ನೂ ನಿಲ್ಲಿಸಿದ್ದಾರೆ, ಸಾಕಾಯ್ತು ಎನ್ನುತ್ತಾರೆ. ಬೀದಿಯಲ್ಲಿ ಎದುರು ಸಿಕ್ಕು ನಾನಾಗಿ ನಕ್ಕರೂ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಾರೆ. ಅಂಥವರು ಮಂಗಳವಾರ ನನ್ನ ಧ್ವನಿ ಕೇಳಿದ್ದೇ ನಿಂತುಬಿಟ್ಟರು. “ನೋಡಿದ್ರಾ? ನಮ್ಮ ಹುಡುಗಿ ಹೊಸ ಪುಟ ಮಾಡಿದ್ದಾಳೆ. ಅದರಲ್ಲಿ ನನ್ನ ಬಗ್ಗೆ ಬರೆದಿದ್ದಾಳೆ. ಫೋಟೋ ಅಂತೂ ಎಷ್ಟು ಚೆನ್ನಾಗಿದೆ!” ಎಂದರು. ನಮ್ಮ ಹುಡುಗಿಯಂತೆ. ನನ್ನ ಬಗ್ಗೆಯಂತೆ. ನಾನು ಬಿಟ್ಟುಕೊಡಲಿಲ್ಲ. “ಓ, ಅದಾ? ಆಗಲೇ ನೋಡಿದೆ” ಎಂದು ಹೇಳಿ ಒಳಗೆ ಬಂದು ಚೀಲವನ್ನು ಕುಕ್ಕಿದ ರಭಸಕ್ಕೆ ಎರಡು ಟೊಮೆಟೊ ಅಪ್ಪಚ್ಚಿಯಾದವು.

ತಾತ ಆಗ ಕಂಪ್ಯೂಟರ್ ಮುಂದೆ ಕೂತು ಇಸ್ಪೀಟಿನ ಎಲೆ ಜೋಡಿಸುತ್ತಿದ್ದರು. ಅವರನ್ನು ಎಬ್ಬಿಸಿ ನಿನ್ನ ಪುಟ ತೆರೆದೆ. ಏನಿದೆ? ಹೋದ ತಿಂಗಳ ಹಕ್ಕಿಗೂಡು. ಬಂಡೆಯ ಸಂದಿನಲ್ಲಿ ಮೂರು ಮೊಟ್ಟೆ, ಪಕ್ಕದಲ್ಲಿ ಕೊಕ್ಕು ತೆರೆದು ನನ್ನನ್ನು ಗದರುತ್ತಿರುವ ಹಕ್ಕಿ. ಮುಚ್ಚಿ ತೆರೆದೆ. ಅದೇ ಹಕ್ಕಿ, ಅದೇ ಮೂರು ಮೊಟ್ಟೆ. ಇಷ್ಟು ಹೊತ್ತಿಗೆ ಆ ಮೊಟ್ಟೆಗಳು ಒಡೆದು ಮರಿಗಳು ಹಾರಿ ಹೋಗಿರಬೇಕು, ನಮ್ಮ ಮನೆಯಲ್ಲಿ ಮಾತ್ರ ಆ ತಾಯಿ ಇನ್ನೂ ಕಾವು ಕೊಡುತ್ತಿದೆ. ನಿನ್ನ ಕೇಂದ್ರಕ್ಕೆ ಇಂಟರ್‌ನೆಟ್ಟು ಸಿಗುವುದು ವಾರಕ್ಕೆ ಒಂದೇ ಗಂಟೆ, ಆ ಒಂದು ಗಂಟೆಯಲ್ಲಿ ನೀನು ಪುಟಕ್ಕೆ ಹಾಕುವುದಷ್ಟೇ ನಮಗೆ ನಿನ್ನ ಮುಖ, ನಿನ್ನ ಸುದ್ದಿ, ಎಲ್ಲ. ಅದೂ ಮೂರನೇ ಮಹಡಿಗೆ ಕಂಡು ನೆಲಮಹಡಿಗೆ ಕಾಣದಿದ್ದರೆ ಹೇಗಾಗಬೇಡ? ಅಷ್ಟರಲ್ಲಿ ನಿಮ್ಮ ತಾತ, ಬೆಂಕಿಗೆ ಸೀಮೆಎಣ್ಣೆ ಸುರಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ, “ಯಾರ್ಯಾರಿಗೆ ಕಾಣ್ಬೇಕು ಅಂತ ಆರಿಸ್ಕೋಬಹುದಂತೆ ಕಣೇ” ಎಂದರು. ಅಷ್ಟೇ. ನನ್ನ ಮೈಯೆಲ್ಲ ಉರಿದುಹೋಯಿತು. ಬಾಗಿಲು ಹಾಕಿದ್ದಾಳೆ, ಅವರನ್ನು ಒಳಗೆ ಕೂರಿಸಿಕೊಂಡು ನನ್ನ ಮುಖದ ಮೇಲೆ ಬಾಗಿಲು ಹಾಕಿದ್ದಾಳೆ ಎಂದುಕೊಂಡೆ. ಊಟ ಸೇರಲಿಲ್ಲ. ನಿನ್ನ ಮೇಲೆ ಇಷ್ಟೆಲ್ಲ ಕೋಪ ಮಾಡಿಕೊಂಡೆ ಎಂದು ಈಗ ನಾಚಿಕೆಯಾಗುತ್ತದೆ, ಆದರೆ ಮಾಡಿಕೊಂಡದ್ದು ನಿಜ.

ಬುಧವಾರ ಬೆಳಗ್ಗೆ ಕಂಪ್ಯೂಟರ್ ರಿಪೇರಿ ಅಂಗಡಿಯವಳಿಗೆ ಫೋನ್ ಮಾಡಿದೆ. ಅದೇ, ಹೋದ ವರ್ಷ ನಮ್ಮ ಪ್ರಿಂಟರಿನೊಳಗಿಂದ ತಾತನ ಕನ್ನಡಕದ ಕಡ್ಡಿ ತೆಗೆದುಕೊಟ್ಟವಳು. ಒಳ್ಳೆಯ ಹೆಂಗಸು, ಮುದುಕಿ ಎಂದು ಮಾತು ಹಾರಿಸುವುದಿಲ್ಲ. ಪೂರ್ತಿ ಕೇಳಿಸಿಕೊಂಡು ನಕ್ಕಳು. “ಅಜ್ಜಿ, ನಿಮ್ಮ ಮೊಮ್ಮಗಳು ಯಾರಿಗೂ ಬಾಗಿಲು ಹಾಕಿಲ್ಲ. ಪ್ರತಿ ಪುಟಕ್ಕೂ ಒಂದು ಹೆಸರಿರುತ್ತೆ, ಹೆಸರಿನ ಹಿಂದೆ ಒಂದು ನಂಬರ್ ಇರುತ್ತೆ. ನಿಮ್ಮ ಕಂಪ್ಯೂಟರ್ ಆ ನಂಬರನ್ನ ಪ್ರತಿ ಸಲ ವಿಚಾರಿಸಲ್ಲ, ಒಂದ್ಸಲ ಕೇಳಿ ನೆನಪಿಟ್ಕೊಳುತ್ತೆ. ಅವಳು ಪುಟನ ಬೇರೆ ಕಡೆ ಸಾಗಿಸಿದ್ದಾಳೆ. ಹೆಸರು ಅದೇ, ನಂಬರ್ ಬೇರೆ. ನಿಮ್ಮ ಕಂಪ್ಯೂಟರ್ ಇನ್ನೂ ಹಳೇ ನಂಬರಿಗೇ ಹೋಗ್ತಿದೆ” ಎಂದಳು. ಆ ನೆನಪಿನ ಪಟ್ಟಿಗೆ ಡಿಎನ್‌ಎಸ್ ಕ್ಯಾಶ್ ಎಂದು ಹೆಸರಂತೆ. ಮಗು, ಇದನ್ನು ನನಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ನಾನು ಎಕ್ಸ್‌ಚೇಂಜಿಗೆ ಸೇರಿದ ಹೊಸದರಲ್ಲಿ ನಾನ್ನೂರು ನಂಬರು ಬಾಯಿಪಾಠ ಇತ್ತು ನನಗೆ. ಯಾರಾದರೂ ಹೆಸರು ಹೇಳುವಷ್ಟರಲ್ಲಿ ತಂತಿ ಚುಚ್ಚಿಬಿಡುತ್ತಿದ್ದೆ. ಯಾರ ನಂಬರು ಬದಲಾಗಿದೆ ಎಂದು ದಿನಾ ಬೆಳಗ್ಗೆ ಮೇಲ್ವಿಚಾರಕಿ ಚೀಟಿ ಅಂಟಿಸುವರು. ಆ ಚೀಟಿ ಓದುವುದು ನೆನಪಿಲ್ಲದವರ ಕೆಲಸ ಎಂದು ನನಗೆ ಧಿಮಾಕು. ಒಬ್ಬ ಮರದ ವ್ಯಾಪಾರಿ ಮನೆ ಬದಲಿಸಿದ್ದ. ನಾನು ಎಂಟು ದಿನ ಅವನ ಫೋನುಗಳನ್ನೆಲ್ಲ ಹಳೇ ನಂಬರಿಗೇ ಕೊಟ್ಟೆ. ಆ ಮನೆಗೆ ಹೊಸದಾಗಿ ಬಂದಿದ್ದ ನಿವೃತ್ತ ಮೇಷ್ಟ್ರು, ಮಾತಾಡಲು ಜನ ಸಿಕ್ಕಿದ ಖುಷಿಗೆ, ಯಾರು ಫೋನ್ ಮಾಡಿದರೂ ಮರದ ವಿಷಯ ಅರ್ಧ ಗಂಟೆ ಮಾತಾಡಿ ಕಳಿಸುತ್ತಿದ್ದರಂತೆ! ಮೇಲ್ವಿಚಾರಕಿ ಎಲ್ಲರ ಮುಂದೆ ನನ್ನ ಗ್ರಹಚಾರ ಬಿಡಿಸಿದರು. ಹಾಗಾಗಿ ಈ ಕಂಪ್ಯೂಟರನ್ನು ಬೈಯಲು ನನಗೆ ಬಾಯಿಲ್ಲ. ನನ್ನ ಜಾತಿಯದೇ ಅದು.

ಸುಮ್ಮನೆ ಒಂದೆರಡು ದಿನ ಬಿಟ್ಟರೆ ತಾನೇ ಮರೆಯುತ್ತದೆ ಎಂದಳು ಅಂಗಡಿಯವಳು. ಒಂದೆರಡು ದಿನ! ಅಷ್ಟರಲ್ಲಿ ಬೀಗಿತ್ತಿ ಕಟ್ಟಡದ ಹನ್ನೆರಡು ಮನೆಗೂ ಡಂಗುರ ಹೊಡೆದಿರುತ್ತಾರೆ. ಹಾಗಾದರೆ ಆಫ್ ಮಾಡಿ ಆನ್ ಮಾಡಿ ಎಂದಳು. ಆಫ್ ಎನ್ನುವ ಮಾತನ್ನು ನಮ್ಮ ಮನೆಯಲ್ಲಿ ಆಡುವ ಹಾಗಿಲ್ಲ ಎಂದು ನಿನಗೆ ಗೊತ್ತಲ್ಲ. ಎರಡು ವರ್ಷದ ಹಿಂದೆ ಒಮ್ಮೆ ಆಫ್ ಮಾಡಿ ಮತ್ತೆ ಎಬ್ಬಿಸಲು ಮೂರು ದಿನ ಹಿಡಿಯಿತು, ಅಂದಿನಿಂದ ನಿಮ್ಮ ತಾತ ಅದನ್ನು ಮಲಗಿಸುತ್ತಾರೆಯೇ ಹೊರತು ಆರಿಸುವುದಿಲ್ಲ, ಮೇಲೊಂದು ಟವೆಲ್ ಬೇರೆ ಹೊದಿಸುತ್ತಾರೆ. ಕೊನೆಗೆ ಅಂಗಡಿಯವಳು ಪಟ್ಟಿ ಅಳಿಸುವ ಕ್ರಮವನ್ನು ನಿಧಾನವಾಗಿ ಹೇಳಿದಳು, ತಾತ ಹಾಲಿನ ಚೀಟಿಯ ಹಿಂದೆ ಬರೆದುಕೊಂಡರು. ಇವತ್ತು ಬೆಳಗ್ಗೆ ಕೆಲಸವೆಲ್ಲ ಮುಗಿಸಿ ಕೂತೆ. ಹುಡುಕುವ ಜಾಗದಲ್ಲಿ ಸಿಎಂಡಿ ಎಂದು ಒತ್ತಿದರೆ ಒಂದು ಕಪ್ಪು ಕಿಟಕಿ ತೆರೆಯಿತು. ಅದನ್ನು ದೊಡ್ಡದು ಮಾಡಿದೆ, ಪರದೆ ತುಂಬ ಕಪ್ಪು, ಮೂಲೆಯಲ್ಲಿ ಇಷ್ಟಿಷ್ಟೇ ಬಿಳಿ ಅಕ್ಷರ. ಅದರಲ್ಲಿ ಐಪಿಕಾನ್ಫಿಗ್ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಫ್ಲಶ್‌ಡಿಎನ್‌ಎಸ್ ಎಂದು ಒತ್ತಬೇಕು. “ಫ್ಲಶ್ ಅಂದ್ರೆ ಕಕ್ಕಸಿಂದಲ್ವೇನೇ?” ಎಂದರು ತಾತ. ಮೊದಲ ಸಲ ಜಾಗ ಬಿಡಲಿಲ್ಲ, ಅಂಥದ್ದೇನೂ ಇಲ್ಲ ಹೋಗು ಎಂದು ಗೊಣಗಿತು. ಎರಡನೇ ಸಲ ಗೆರೆಯನ್ನು ಆಚೆ ಕಡೆಗೆ ವಾಲಿಸಿದ್ದೆ, ಮತ್ತೆ ಗೊಣಗಿತು. ಮೂರನೇ ಸಲಕ್ಕೆ ಯಶಸ್ವಿಯಾಗಿ ಅಳಿಸಲಾಗಿದೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ನನಗೆ ಆದ ಸಂತೋಷ ಹೇಳತೀರದು. ಇನ್ನು ಪುಟ ತೆರೆಯಬೇಕು, ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಯಾರು ಅಂತೀಯ? ಅವರೇ. ಎಂದೋ ತೆಗೆದುಕೊಂಡು ಹೋಗಿದ್ದ ನಮ್ಮ ಬಟ್ಟಲನ್ನು ವಾಪಸು ಕೊಡುವ ನೆಪ. ಕುರ್ಚಿ ಎಳೆದುಕೊಂಡು ನೇರವಾಗಿ ಕಂಪ್ಯೂಟರಿನ ಮುಂದೆ ಕೂತರು. ನಾನು ಬಾಯಿ ತೆರೆಯುವ ಮುಂಚೆಯೇ, “ಅಬ್ಬಾ, ಇಷ್ಟು ದೊಡ್ಡದಾಗಿ ನೋಡಿದ್ರೆ ಇನ್ನೂ ಚೆನ್ನಾಗಿ ಕಾಣ್ತಾಳೆ. ಕಪ್ಪು ಕೋಟು ಎಷ್ಟು ಒಪ್ಪುತ್ತೆ ನೋಡಿ ಅವಳಿಗೆ” ಎಂದರು. ನನ್ನನ್ನು ಆಡಿಕೊಳ್ಳುತ್ತಿದ್ದಾರೆ ಎಂದು ಮೊದಲು ನನಗೆ ರೇಗಿತು. ನನಗೆ ಪುಟ ಕಾಣುತ್ತಿಲ್ಲ, ಬರೀ ಕಪ್ಪು ಕಾಣುತ್ತಿದೆ ಎಂದು ಹಂಗಿಸುತ್ತಿದ್ದಾರೆ ಎಂದುಕೊಂಡು ಏನೋ ಖಾರವಾಗಿ ಹೇಳಲು ಹೋದವಳು ಅವರ ಮುಖ ನೋಡಿ ಸುಮ್ಮನಾದೆ. ಆ ಮುಖದಲ್ಲಿ ಹಂಗಿಸುವ ಸುಳಿವೇ ಇರಲಿಲ್ಲ. ಕೈ ಮುಂದೆ ಚಾಚಿ, ನಿನ್ನ ಕೆನ್ನೆ ಇರಬಹುದಾದ ಕಡೆ, ಆ ಖಾಲಿ ಕಪ್ಪಿನ ಮೇಲೆ ಬೆರಳಾಡಿಸುತ್ತಿದ್ದರು. ತಾತ “ಅದು ಫೋಟೋ ಅಲ್ಲ...” ಎಂದು ಶುರು ಮಾಡಿದರು, ನಾನು ಕಣ್ಣಲ್ಲೇ ಅವರ ಬಾಯಿ ಮುಚ್ಚಿಸಿ ಪೇಪರ್ ತರಲು ಓಡಿಸಿದೆ. ಪೇಪರ್ ಆಗಲೇ ಅವರ ಕೈಯಲ್ಲಿತ್ತು, ಆದರೂ ಪಾಪ ಹೋದರು.

ಇಬ್ಬರೇ ಉಳಿದ ಮೇಲೆ ನಾನು ಕೇಳಿದ್ದು ಒಂದೇ ಮಾತು, “ಎಷ್ಟು ದಿನದಿಂದ?” ಅವರು ಕೈಯಲ್ಲಿದ್ದ ಬಟ್ಟಲನ್ನು ತಿರುಗಿಸುತ್ತ, “ವರ್ಷದ ಮೇಲಾಯ್ತು. ಎರಡೂ ಕಣ್ಣಿಗೆ ಪೊರೆ. ಬೆಳಕು ಕತ್ತಲು ಗೊತ್ತಾಗುತ್ತೆ, ಆಕಾರ ಗೊತ್ತಾಗುತ್ತೆ, ಮುಖ ಗೊತ್ತಾಗಲ್ಲ” ಎಂದರು. ನನ್ನ ನಗು ಅವರಿಗೆ ಕಂಡೇ ಇರಲಿಲ್ಲ ಮಗು. ಮೆಟ್ಟಿಲು ಎಣಿಸಿಕೊಂಡು ಇಳಿಯುತ್ತಿದ್ದವರನ್ನು ನಾನು ಮಹಾರಾಣಿ ಎಂದುಕೊಂಡಿದ್ದೆ. ಮಂಗಳವಾರ ನಿನ್ನ ಪುಟವನ್ನೂ ಅವರು ನೋಡಿರಲಿಲ್ಲ, ನಿನ್ನ ಅಮ್ಮ ಫೋನಿನಲ್ಲಿ ಎರಡು ಸಲ ಓದಿ ಹೇಳಿದ್ದಳಂತೆ. ಅವಳಿಗೂ ಇದು ಗೊತ್ತಿಲ್ಲ, ಕನ್ನಡಕ ಬದಲಿಸಬೇಕು ಎಂದು ಹೇಳಿ ಓದಿಸಿಕೊಂಡಿದ್ದಾರೆ. ಗೊತ್ತಾದರೆ ಈ ಮೂರನೇ ಮಹಡಿ ಬಿಡಿಸಿ ಆ ಊರಿಗೆ ಕರೆದುಕೊಂಡು ಹೋಗುತ್ತಾಳೆ ಎಂಬ ಭಯ. ಡಾಕ್ಟರು ಆಪರೇಷನ್ ಮಾಡಿಸಿ ಎಂದಿದ್ದಾರೆ, ಕಣ್ಣಿಗೆ ಕತ್ತರಿ ಹಾಕುತ್ತಾರೆ ಎಂಬ ಭಯ ಇನ್ನೂ ದೊಡ್ಡದು. “ಯಾರಿಗೂ ಹೇಳ್ಬೇಡಿ, ಅವಳಿಗಂತೂ ಬರೀಲೇಬೇಡಿ. ಅಲ್ಲಿ ಒಬ್ಳೇ ಕೂತು ಕೊರಗ್ತಾಳೆ” ಎಂದು ನನ್ನ ಕೈ ಹಿಡಿದುಕೊಂಡರು. ಆಗಲಿ ಎಂದು ಮಾತು ಕೊಟ್ಟೆ. ಮೂವತ್ತೊಂದು ವರ್ಷ ಎಕ್ಸ್‌ಚೇಂಜಿನಲ್ಲಿ ಊರಿನ ಗುಟ್ಟೆಲ್ಲ ನನ್ನ ಕಿವಿಗೆ ಬಿದ್ದಿದೆ, ಒಂದೂ ಬಾಯಿಂದ ಆಚೆ ಹೋಗಿಲ್ಲ. ಇವತ್ತು ಬೆಳಗ್ಗೆ ಹತ್ತೂವರೆಗೆ ಕೊಟ್ಟ ಮಾತನ್ನು ಮಧ್ಯಾಹ್ನ ಮೂರಕ್ಕೆ ಮುರಿಯುತ್ತಿದ್ದೇನೆ. ಬೈಯುವುದಿದ್ದರೆ ಆಮೇಲೆ ಬೈ.

ಆಮೇಲೆ ಕಪ್ಪು ಕಿಟಕಿ ಮುಚ್ಚಿ ನಿನ್ನ ಪುಟ ತೆರೆದೆ. ಹಕ್ಕಿ ಹೋಗಿ ನೀನು ಬಂದೆ. ನೀನು ಹಾಕಿಕೊಂಡಿದ್ದದ್ದು ಹಳದಿ ಕೋಟು. ಅದನ್ನು ನಾನು ಹೇಳಲಿಲ್ಲ. “ಓದ್ತೀರಾ? ನನ್ನ ಮಗಳು ರೈಲು ಓಡಿಸ್ದಂಗೆ ಓದ್ತಾಳೆ. ನಿಮ್ಮ ಹಾಗೆ ಓದೋರು ಯಾರಿದ್ದಾರೆ” ಎಂದರು. ಓದಲು ಕೂತೆ. ‘ನನ್ನ ಅಜ್ಜಿ’ ಎಂದು ತಲೆಬರಹ. ಅಜ್ಜಿಯರು ಅಲ್ಲ, ಅಜ್ಜಿ. ಗಾಳಿ ಬೀಸಿ ಮೂರನೇ ಮಹಡಿಯ ಕಿಟಕಿ ಬಡಿದುಕೊಂಡಾಗ ನೀನು ಮಂಚದ ಕೆಳಗೆ ಅವಿತುಕೊಳ್ಳುತ್ತಿದ್ದದ್ದು, ಅವರು ನಿನ್ನನ್ನು ಎಳೆದು ತಂದು ಕಿಟಕಿಯ ಬಳಿ ನಿಲ್ಲಿಸಿ, ಬೆರಳು ಒದ್ದೆ ಮಾಡಿ ಆಚೆ ಹಿಡಿ, ಯಾವ ಕಡೆ ತಣ್ಣಗಾಗುತ್ತೋ ಗಾಳಿ ಆ ಕಡೆಯಿಂದ ಬರುತ್ತಿದೆ ಎಂದು ತೋರಿಸಿಕೊಟ್ಟದ್ದು. ಹೊಲಿದು ಉಳಿದ ಕೆಂಪು ಬಟ್ಟೆಯ ಪಟ್ಟಿಯನ್ನು ತಾರಸಿಯ ಕಂಬಕ್ಕೆ ಕಟ್ಟಿ, ದಿನಾ ಸಂಜೆ ಅದು ಯಾವ ಕಡೆ ಹಾರುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಸಿದ್ದು. ಇವತ್ತು ಈ ನಡುಗಡ್ಡೆಯಲ್ಲಿ ನಾನು ಗಾಳಿ ಅಳೆಯುತ್ತಿದ್ದರೆ ಅದು ಆ ಪಟ್ಟಿಯಿಂದ ಎಂದು ಬರೆದಿದ್ದೀಯ. ಹತ್ತೊಂಬತ್ತು ಸಾಲು. ನಾನು ಎಣಿಸಿದೆ. ಅದಾದ ಮೇಲೆ ನನಗೊಂದು ಸಾಲು: ‘ಕೆಳಗೆ ಇಳಿದು ಬಂದಾಗ ಕೆಳಗಿನಜ್ಜಿ ಬಿಸಿಬಿಸಿ ಊಟ ಹಾಕುತ್ತಿದ್ದಳು.’ ಅಲ್ಲ ಕಣೇ, ಊಟ! ಐದು ವರ್ಷದವರೆಗೂ ನಿನಗೆ ಒಂದು ಮಾತು ನೆಟ್ಟಗೆ ಬರುತ್ತಿರಲಿಲ್ಲ, ಮೊದಲ ಅಕ್ಷರದಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ. ನೆನಪಿದೆಯೇ? ಎಕ್ಸ್‌ಚೇಂಜಿನಿಂದ ಬಂದು ಕಾಲು ಕೂಡ ತೊಳೆಯದೆ ನಿನ್ನ ಜೊತೆ ಟೆಲಿಫೋನಿನ ಆಟಕ್ಕೆ ಕೂರುತ್ತಿದ್ದೆ. ನೀನೊಂದು ಲೋಟ ಕಿವಿಗೆ ಇಟ್ಟುಕೊಂಡರೆ ನಾನೊಂದು. ‘ನಮಸ್ಕಾರ, ಯಾವ ನಂಬರು ಬೇಕು’ ಎನ್ನುವುದನ್ನು ನಿನ್ನಿಂದ ದಿನಕ್ಕೆ ಐವತ್ತು ಸಲ ಹೇಳಿಸುತ್ತಿದ್ದೆ, ಉಸಿರು ತೆಗೆದುಕೋ, ಅವಸರ ಬೇಡ, ಆ ಕಡೆಯವರು ಕಾಯುತ್ತಾರೆ ಎನ್ನುತ್ತಿದ್ದೆ. ಈಗ ದಿನಕ್ಕೆರಡು ಸಲ ರೇಡಿಯೊದಲ್ಲಿ ಹಡಗಿನವರಿಗೆ ಗಾಳಿಯ ವರದಿ ಓದಿ ಹೇಳುತ್ತೀಯಲ್ಲ, ಗಾಳಿ ಅವರದೇ ಇರಲಿ, ಆ ಮಾತು ಯಾರದು?

ಇಷ್ಟೆಲ್ಲ ಒಳಗೆ ಕುದಿಯುತ್ತಿತ್ತು, ಹೊರಗೆ ನನ್ನ ಎಕ್ಸ್‌ಚೇಂಜಿನ ಧ್ವನಿಯಲ್ಲಿ ಒಂದು ಅಕ್ಷರ ನುಂಗದೆ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ಆ ಮುಖದ ತೃಪ್ತಿ ನೋಡಿ ನನಗೆ ಮತ್ತಷ್ಟು ಉರಿ. ನನ್ನ ಸಾಲು ಬಂತು, ಓದಿದೆ, ಮುಗಿಯಿತು. ಮುಗಿಯಬೇಕಿತ್ತು. ನಾನು ಮಾಡಿದ ಕೆಲಸ ಕೇಳು. ಪರದೆಯ ಮೇಲೆ ಕಣ್ಣಿಟ್ಟುಕೊಂಡೇ, ಅದೇ ಧ್ವನಿಯಲ್ಲಿ, ‘ಕೆಳಗಿನಜ್ಜಿ ನನ್ನ ಜೊತೆ ಲೋಟದ ಟೆಲಿಫೋನು ಆಡುತ್ತಿದ್ದಳು. ಇವತ್ತು ನಾನು ತಡವರಿಸದೆ ಮಾತಾಡುತ್ತಿದ್ದರೆ ಅದು ಅವಳಿಂದ’ ಎಂದು ಓದಿದೆ. ಇಲ್ಲದ್ದನ್ನು ಓದಿದೆ. ಕಣ್ಣು ಕಾಣದ ಹೆಂಗಸಿನ ಮುಂದೆ ಕೂತು ಎರಡು ಸಾಲು ಕದ್ದು ಸೇರಿಸಿದೆ. ಹೊಟ್ಟೆಕಿಚ್ಚು ಮನುಷ್ಯರನ್ನು ಎಷ್ಟು ಕೆಳಗೆ ಇಳಿಸುತ್ತದೆ ನೋಡು. ಅವರು ಕಣ್ಣು ತೆರೆದರು. ನಿನ್ನ ಅಮ್ಮ ಎರಡೆರಡು ಸಲ ಓದಿ ಹೇಳಿದ್ದಾಳೆ, ಸಿಕ್ಕಿಬಿದ್ದೆ ಎಂದುಕೊಂಡೆ. “ಅವಸರದಲ್ಲಿ ನನ್ನ ಮಗಳು ಈ ಭಾಗ ಬಿಟ್ಬಿಟ್ಟಿದ್ಲು ಅನ್ಸುತ್ತೆ. ನಿಜ ಅಲ್ವಾ ಅದು? ನಿಮ್ಮ ಆಟ ಮೂರನೇ ಮಹಡಿಗೂ ಕೇಳಿಸ್ತಿತ್ತು. ನಾನು ಮಷೀನ್ ನಿಲ್ಲಿಸಿ ಕೇಳ್ತಿದ್ದೆ. ನಂಗ್ಯಾಕೆ ಹೀಗೆ ಕಲ್ಸಕ್ಕೆ ಬರಲ್ಲ ಅಂತ ಹೊಟ್ಟೆ ಉರೀತಿತ್ತು” ಎಂದರು. ಆಮೇಲೆ, “ಆ ಲೋಟದ ಟೆಲಿಫೋನಿನ ಭಾಗ ಇನ್ನೊಂದ್ಸಲ ಓದಿ” ಎಂದರು. ಓದಿದೆ. ಬರೆದಿದ್ದರೆ ತಾನೇ ಮೊದಲಿನ ಹಾಗೇ ಬರುವುದು? ಎರಡನೇ ಸಲ ಮಾತುಗಳೇ ಬೇರೆಯಾದವು. ಅವರು ಬಟ್ಟಲನ್ನು ಮೇಜಿನ ಅಂಚು ತಡವಿ ನೋಡಿ ಇಟ್ಟು, ನಾಳೆ ನಾಲ್ಕು ಗಂಟೆಗೆ ಬರ್ತೀನಿ, ಹಳೇದೂ ಎಲ್ಲ ಓದಿ ಎಂದು ಹೇಳಿ ಎದ್ದರು. ನಾನು ಮೂರನೇ ಮಹಡಿಯವರೆಗೆ ಕೈ ಹಿಡಿದುಕೊಂಡು ಹೋಗಿ ಬಿಟ್ಟು ಬಂದೆ. ನಲವತ್ತೆಂಟು ಮೆಟ್ಟಿಲು, ಅವರು ಪಿಸುಗುಟ್ಟುತ್ತ ಎಣಿಸುತ್ತಿದ್ದರು.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡ. ಹೋಗಿಲ್ಲ. ಸುಳ್ಳು ಯಾಕೆ ಹೇಳಲಿ? ಕಾಗದ ಬರೆಯುತ್ತ ನಡುವೆ ಎದ್ದು ಹೋಗಿ ಆ ಸಾಲುಗಳನ್ನು ಮತ್ತೆ ಎಣಿಸಿ ಬಂದೆ, ಹತ್ತೊಂಬತ್ತೇ ಇವೆ. ಇಮೇಲ್ ಮಾಡು, ಬೇಗ ಹೋಗುತ್ತೆ ಎನ್ನುತ್ತಾರೆ ತಾತ. ಆ ಕಂಪ್ಯೂಟರಿನಲ್ಲಿ ಬರೆದದ್ದನ್ನೆಲ್ಲ ಅವರು ಓದುತ್ತಾರೆ, ಅದಕ್ಕೇ ಈ ಕಾಗದ. ಚೆನ್ನಾಗಿ ಊಟ ಮಾಡು, ಬಂಡೆಗಳ ಮೇಲೆ ಓಡಬೇಡ, ನಿನ್ನ ಜೊತೆಯ ಮೂವರಿಗೂ ನನ್ನ ನೆನಪು ಹೇಳು. ತಾತನ ಆಶೀರ್ವಾದ ಇದರಲ್ಲೇ ಸೇರಿದೆ, ಬೇರೆ ಬರೆದುಕೊಡಿ ಎಂದರೆ ಪೆನ್ನು ಹುಡುಕಲು ಸಂಜೆ ಮಾಡುತ್ತಾರೆ.

ನೂರು ವರ್ಷ ನೆಮ್ಮದಿಯಾಗಿ ಬಾಳು ಎಂದು ಹರಸುವ

ನಿನ್ನ,
ಕೆಳಗಿನಜ್ಜಿ

ಮರೆತ ಮಾತು: ತಾತ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು. ಎರಡು ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಮೇಲಿನಜ್ಜಿಯ ಬಲಗಣ್ಣು ಕೈತಪ್ಪಬಹುದು ಎಂದು ಡಾಕ್ಟರು ಹೇಳಿದ್ದಾರಂತೆ, ಮೇಲೆ ಬಾಗಿಲಲ್ಲಿ ಬಿಟ್ಟು ಬರುವಾಗ ಬಾಯಿಬಿಟ್ಟರು. ನಾನು ಹೇಳಿದೆ, ಬೇಡಿಕೊಂಡೆ, ಗದರಿದೆ, ಒಪ್ಪುತ್ತಿಲ್ಲ. ನೀನು ಹೇಳಿದರೆ ಮಾತ್ರ ಒಪ್ಪುತ್ತಾರೆ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಪುಟದಲ್ಲಿ ಹಾಕಬೇಡ, ಈ ಕಾಗದ ತಂದ ದೋಣಿಯಲ್ಲೇ ಅವರ ಹೆಸರಿಗೆ ಬೇರೆ ಕಾಗದ ಬರೆ. ಓದಿ ಹೇಳುವವಳು ನಾನೇ ತಾನೇ, ಕೆಳಗಿನಜ್ಜಿಗೆ ನೋವಾಗುತ್ತದೆ ಎಂದು ಕೈ ಬಿಗಿಹಿಡಿದು ಬರೆಯಬೇಡ. ನನಗೆ ನಿನ್ನ ಬಿಟ್ಟರೆ ಯಾರೂ ಇಲ್ಲ ಅಜ್ಜಿ, ಎಲ್ಲರಿಗಿಂತ ನೀನೇ ಹೆಚ್ಚು ಎಂದು ಬರೆದರೆ ಅವರು ಹೋಗಿ ಕಣ್ಣು ಮಾಡಿಸಿಕೊಳ್ಳುತ್ತಾರೆ ಎನ್ನುವುದಾದರೆ ಹಾಗೇ ಬರೆ. ನಾನು ಸ್ಪಷ್ಟವಾಗಿ ಓದುತ್ತೇನೆ. ಎರಡು ಸಲ ಕೇಳಿದರೆ ಎರಡು ಸಲವೂ ಓದುತ್ತೇನೆ. ಒಂದಕ್ಷರ ಸೇರಿಸುವುದಿಲ್ಲ.